ಇಪ್ಪತ್ಮೂರನೇ ಗಾಜು

ಹುಣಸೂರಿನ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಡಿಪಾರ್ಟ್‌ಮೆಂಟಿಗೂ ಜೂವಾಲಜಿ ಡಿಪಾರ್ಟ್‌ಮೆಂಟಿಗೂ ಸೇರಿ ಒಂದೇ ರೂಮು. ನಾನು ಟ್ರಾನ್ಸ್‌ಫರ್ ಆಗಿ ಬಂದ ಮೊದಲ ದಿನ ಅಲ್ಲಿ ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಟೆಸ್ಟ್ ಟ್ಯೂಬುಗಳು ನಿಂತಿದ್ದವು. ಒಂದೊಂದರ ಬಾಯಿಗೂ ಒಂದೊಂದು ಸಣ್ಣ ಈರುಳ್ಳಿ ಕೂರಿಸಿತ್ತು. ಯಾರೋ ಮಧ್ಯಾಹ್ನದ ಊಟಕ್ಕೆ ಇಟ್ಟುಕೊಂಡಿದ್ದಾರೆ, ಎಂಥ ಜನವೋ ಅಂದುಕೊಂಡೆ. ನನ್ನ ಹ್ಯಾಂಡ್‌ಬ್ಯಾಗಿಗೆ ಜಾಗ ಬೇಕಿತ್ತು, ಎರಡು ಟ್ಯೂಬು ಎತ್ತಿ ಪಕ್ಕಕ್ಕಿಟ್ಟೆ.

ಸ್ವಲ್ಪ ಹೊತ್ತಿಗೆ ಜೂವಾಲಜಿ ಮೇಷ್ಟ್ರು ಬಂದರು. ಉದ್ದಕ್ಕೆ, ಬಡಕಲಾಗಿ, ತೋಳು ಮಡಿಸಿದ ಬಿಳಿ ಷರ್ಟು. ಬೇರು ಬಿಡಲಿ ಎಂದು ಅವರೇ ಕ್ರಮವಾಗಿ ಜೋಡಿಸಿಟ್ಟಿದ್ದ ಸಾಲು ಅದು. ನೋಡಿ, ಯಾವುದು ಎಲ್ಲಿತ್ತು ಎಂದು ಮೆಲ್ಲಗೆ ಕೇಳಿದರು. ನನಗೆ ಹೇಳಲು ಬರಲಿಲ್ಲ. ಅವರು ಹನ್ನೆರಡೂ ಟ್ಯೂಬುಗಳನ್ನು ಸಿಂಕಿಗೆ ಸುರಿದು ತೊಳೆಯುತ್ತ ನಿಂತರು. ನಾನು ಮುಟ್ಟಿದ್ದು ಎರಡೇ ತಾನೇ, ಮಿಕ್ಕವು ಹಾಗೇ ಇದ್ದವಲ್ಲ ಸರ್ ಅಂದೆ.

"ಮಿಕ್ಕವನ್ನ ಮುಟ್ಟಿಲ್ಲ ಅನ್ನೋದು ನಿಮಗೆ ಗೊತ್ತು ಮೇಡಮ್. ನನಗೆ ಗೊತ್ತಿಲ್ಲವಲ್ಲ" ಅಂದರು. ಕೋಪ ಇರಲಿಲ್ಲ. ಬೇರೆ ಈರುಳ್ಳಿ ತರಲು ಸಂತೆಗೆ ಹೋದರು.

ಅವರು ಹೋದ ತಿಂಗಳು ತೀರಿಕೊಂಡರು. ಕಾಲೇಜಿನಲ್ಲಿ ಕಂಡೋಲೆನ್ಸ್ ಮೀಟಿಂಗ್ ಇಟ್ಟಿದ್ದರು. ಹಳೆಯ ಸ್ಟೂಡೆಂಟ್ ಒಬ್ಬರು, ಈಗ ತಾವೇ ಪ್ರೊಫೆಸರ್, ತುಂಬ ಚೆನ್ನಾಗಿ ಮಾತಾಡಿದರು. ಕೊನೆಗೆ, "ಸಾರ್ ಅವರ ಕಡೆಯ ರಿಸರ್ಚ್ ಪಬ್ಲಿಷ್ ಆಗಲೇ ಇಲ್ಲ, ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು" ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಎದ್ದು ನಿಂತು ಅದು ಹಾಗಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಕೊಟ್ಟ ಕಾಫಿ ಕುಡಿದು ಆಟೋ ಹತ್ತಿ ಮನೆಗೆ ಬಂದೆ. ಅವರ ಕಣ್ಣು ಕೊನೆಯವರೆಗೂ ಸರಿಯಾಗಿಯೇ ಇತ್ತು.

ಅವರ ಬಲಗೈಯ ಮೂರು ಬೆರಳು ಯಾವಾಗಲೂ ಕೆನ್ನೀಲಿ ಬಣ್ಣ. ಜೀವಕೋಶಗಳಿಗೆ ಹಾಕುವ ಸ್ಟೇನ್ ಅದು, ಸೋಪಿಗೆ ಹೋಗುವುದಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಆ ಬೆರಳು ನೋಡಿ ಮುಸಿಮುಸಿ ನಗುತ್ತಿದ್ದರು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಈರುಳ್ಳಿ ಬೇರಿನ ತುದಿ, ಮಿಡತೆ, ಗೊದಮೊಟ್ಟೆ, ಹಣ್ಣಿನ ನೊಣ, ಯಾವುದು ಸಿಕ್ಕರೂ ಗಾಜಿನ ಮೇಲಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಹೆಬ್ಬೆರಳಿನಿಂದ ಒತ್ತಿ ಮೈಕ್ರೋಸ್ಕೋಪಿನ ಕೆಳಗೆ ಸರಿಸುತ್ತಿದ್ದರು. ಒಂದು ಕೋಶ ಎರಡಾಗುವುದನ್ನು ನೋಡುವುದೇ ಅವರ ಇಡೀ ಬದುಕಿನ ಕೆಲಸ. ಒಳಗಿನ ದಾರಗಳು ಜೋಡಿಯಾಗಿ ನಿಲ್ಲುತ್ತವೆ, ಆಮೇಲೆ ಆ ಕಡೆಗಿಷ್ಟು ಈ ಕಡೆಗಿಷ್ಟು ಸಮಪಾಲಾಗಿ ಸರಿಯುತ್ತವೆ. "ಅಣ್ಣತಮ್ಮಂದಿರು ಜಮೀನು ಭಾಗ ಮಾಡ್ಕೊಂಡ ಹಾಗೆ, ಆದರೆ ಕೋರ್ಟಿಗೆ ಹೋಗೋದಿಲ್ಲ" ಅನ್ನುತ್ತಿದ್ದರು ಹುಡುಗರಿಗೆ. ಈರುಳ್ಳಿಯಲ್ಲೂ ಅದೇ, ಮಿಡತೆಯಲ್ಲೂ ಅದೇ, ಪ್ರಿನ್ಸಿಪಾಲರಲ್ಲೂ ಅದೇ.

ರಜೆ ಸಿಕ್ಕಿದರೆ ಎಚ್.ಡಿ. ಕೋಟೆ ಕಡೆಯ ಕಾಡಂಚಿಗೆ ಹೋಗಿ ಮರಗಳಿಗೆ ಬಾಟಲಿ ಕಟ್ಟಿ ಬರುತ್ತಿದ್ದರು. ಬಾಟಲಿಯೊಳಗೆ ಕಿವುಚಿದ ಬಾಳೆಹಣ್ಣು, ಚಿಟಿಕೆ ಯೀಸ್ಟು. ಹುಳಿ ಬಂದ ವಾಸನೆಗೆ ನೊಣ ಬರಬೇಕು. ಒಮ್ಮೆ ಫಾರೆಸ್ಟ್ ಗಾರ್ಡ್ ಹಿಡಿದುಕೊಂಡರಂತೆ. ವಾಸನೆ ನೋಡಿ, ಕಾಡಲ್ಲಿ ಹೆಂಡ ಹಾಕ್ತಾವ್ನೆ ಅನ್ನುವುದು ಅವರ ತೀರ್ಮಾನ. ಮೇಷ್ಟ್ರು ವಾದ ಮಾಡಲಿಲ್ಲ, ಒಂದು ನೊಣವನ್ನು ಲೆನ್ಸಿನ ಕೆಳಗಿಟ್ಟು ಅವರ ಕೈಗೆ ಕೊಟ್ಟರು. ಗಾರ್ಡ್ ಬಹಳ ಹೊತ್ತು ನೋಡಿ, "ಇದ್ರ ಕಣ್ಣು ಕುಡ್ದಂಗೇ ಕೆಂಪ್ಗವೆ ಬುಡಿ ಸಾ" ಅಂದರಂತೆ. ಆಮೇಲೆ ವರ್ಷಗಟ್ಟಲೆ ಅದೇ ಗಾರ್ಡ್ ಫೋನ್ ಮಾಡಿ, ಸಾ, ನೊಣ ಬಂದವೆ, ಯಾವಾಗ ಬತ್ತೀರಿ ಎಂದು ಕೇಳುತ್ತಿದ್ದರು.

ರೆಕಾರ್ಡ್ ಬುಕ್ಕಿನಲ್ಲಿ ಹುಡುಗರು ಚಂದವಾಗಿ ಚಿತ್ರ ಬರೆದು ತಂದರೆ ಅವರದು ಒಂದೇ ಪ್ರಶ್ನೆ, "ನೋಡಿದ್ರಾ, ಅಂದ್ಕೊಂಡ್ರಾ?" ಪುಸ್ತಕ ನೋಡಿ ಬರೆದವರ ಕಿವಿ ಕೆಂಪಾಗುತ್ತಿತ್ತು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ನನ್‌ಗಳ ಕೈಕೆಳಗೆ ಕಲಿತವಳು. ಕರ್ಸಿವ್ ಅಕ್ಷರ, ನೇರ ಮಾರ್ಜಿನ್, ಬ್ಲಾಟ್ ಇಲ್ಲದ ಪೇಜು, ಇವೇ ನಮಗೆ ಕ್ಯಾರೆಕ್ಟರ್. ಅವರ ಪ್ರಶ್ನೆ ನನಗೆ ಸ್ವಲ್ಪ ರೂಡ್ ಅನ್ನಿಸುತ್ತಿತ್ತು.

ಇಬ್ಬರೂ ಒಂದೇ ವರ್ಷ ರಿಟೈರ್ ಆದೆವು. ನಾನು ಗಿಡಗಳಿಗೆ ನೀರು ಹಾಕಿಕೊಂಡು ಕೂತೆ. ಅವರು ಕಾಲೇಜಿನವರು ಬೇಡವೆಂದು ಬಿಟ್ಟ ಹಳೇ ಮೈಕ್ರೋಸ್ಕೋಪನ್ನು ಕೇಳಿ ಪಡೆದು, ಗುರುಪುರದ ಹತ್ತಿರ ತಮ್ಮ ಜಮೀನಿನಲ್ಲಿ ಖಾಲಿ ಬಿದ್ದಿದ್ದ ಒಂದು ಬ್ಯಾರನ್ನಿಗೆ ಸುಣ್ಣ ಹೊಡೆಸಿ, ಅದನ್ನೇ ಲ್ಯಾಬ್ ಅಂದರು. ನಮ್ಮ ಕಡೆ ಹಸಿ ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ ಗೂಡಿಗೆ ಬ್ಯಾರನ್ ಅನ್ನುತ್ತಾರೆ. ಎಷ್ಟು ಸುಣ್ಣ ಹೊಡೆದರೂ ಗೋಡೆಯಿಂದ ಸೊಪ್ಪಿನ ಘಾಟು ಹೋಗಲಿಲ್ಲ. ಪಕ್ಕದ ಎರಡು ಬ್ಯಾರನ್ನುಗಳಲ್ಲಿ ಅವರ ತಮ್ಮ ಇನ್ನೂ ಹೊಗೆಸೊಪ್ಪು ಮಾಡುತ್ತಿದ್ದ. ಅವುಗಳ ಮುಂದಿನ ಅಂಗಳಕ್ಕೆ ಹಟ್ಟಿ ಅನ್ನುತ್ತಿದ್ದರು. ಅಲ್ಲಿ ಸೀಸನ್ನಿನ ಉದ್ದಕ್ಕೂ ನಲವತ್ತು ಹೆಂಗಸರು ಎಲೆ ಕಡ್ಡಿಗೆ ಕಟ್ಟುತ್ತ, ಒಣಗಿದ್ದನ್ನು ಗ್ರೇಡ್ ಮಾಡುತ್ತ ಕೂತಿರುತ್ತಿದ್ದರು. ಎಲೆಯ ಅಂಟಿಗೆ ಅವರ ಕೈ ಮೊಣಕೈವರೆಗೆ ಕಪ್ಪು. ಆಗಾಗ ಒಬ್ಬಳು ಎದ್ದು ಹೋಗಿ ಬೇಲಿ ಪಕ್ಕ ವಾಂತಿ ಮಾಡಿ ಬಾಯಿ ತೊಳೆದು ಬಂದು ಮತ್ತೆ ಕೂರುತ್ತಿದ್ದಳು. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಮೇಷ್ಟ್ರು ನೋಡಿದರು. ಇಷ್ಟು ವರ್ಷ ಈರುಳ್ಳಿ, ನೊಣಗಳಲ್ಲಿ ಹುಡುಕಿದ್ದನ್ನು ಇವರಲ್ಲಿ ಹುಡುಕಬೇಕು ಅಂದರು. ಕೆನ್ನೆಯ ಒಳಗೋಡೆಯನ್ನು ಚಪ್ಪಟೆ ಕಡ್ಡಿಯಿಂದ ಮೆತ್ತಗೆ ಕೆರೆದರೆ ಕೋಶಗಳು ಬರುತ್ತವೆ, ನೋವಿಲ್ಲ. ಕೋಶಕ್ಕೆ ಏಟು ಬಿದ್ದಿದ್ದರೆ, ಅದು ಎರಡಾಗುವಾಗ ತುಂಡಾದ ದಾರವೊಂದು ಹಿಂದೆ ಉಳಿದು, ನ್ಯೂಕ್ಲಿಯಸ್ಸಿನ ಪಕ್ಕದಲ್ಲಿ ಸಣ್ಣ ಚುಕ್ಕಿಯಾಗಿ ಕೂರುತ್ತದೆ. ಆ ಚುಕ್ಕಿಗಳನ್ನು ಎಣಿಸುವುದು. ಒಬ್ಬೊಬ್ಬರ ಗಾಜಿನಲ್ಲಿ ಸಾವಿರ ಕೋಶ. ಹೋಲಿಸಿ ನೋಡಲು ಕೆ.ಆರ್. ನಗರದ ಕಡೆ ಭತ್ತದ ಗದ್ದೆಯಲ್ಲಿ ನಾಟಿ ಹಾಕುವ, ಸೊಪ್ಪು ಮುಟ್ಟದ ಅಷ್ಟೇ ಹೆಂಗಸರು.

ಇದಕ್ಕೆ ಅವರಿಗೆ ನಾನು ಬೇಕಾಗಿದ್ದೆ. ಯಾವ ಗಾಜು ಯಾರದು ಎಂದು ಎಣಿಸುವವನಿಗೆ ಗೊತ್ತಾಗಬಾರದು, ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನು ಎಣಿಸುತ್ತದೆ ಅನ್ನುವುದು ಅವರ ಪದ್ಧತಿ. ಅದೂ ಸ್ವಂತ ತಮ್ಮನ ಹಟ್ಟಿಯ ಕೆಲಸದವರು. ಆದ್ದರಿಂದ ಹೆಸರು ಬರೆಯುವುದು, ಕೆನ್ನೆ ಕೆರೆಯುವುದು, ಗಾಜಿಗೆ ಬರೀ ನಂಬರ್ ಹಾಕುವುದು ನನ್ನ ಕೆಲಸ. ರಿಜಿಸ್ಟರ್ ನನ್ನ ಅಲ್ಮೆರಾದಲ್ಲೇ ಇರಬೇಕು. ನನಗೆ ಸೈನ್ಸಿನ ಗಂಧವೇ ಇಲ್ಲ ಸರ್ ಅಂದೆ. ಅದೇ ನಿಮ್ಮ ಕ್ವಾಲಿಫಿಕೇಷನ್ ಅಂದರು.

ಕೆನ್ನೆ ಕೆರೆಯುವ ದಿನ ಬೆಳಗ್ಗೆ ಅವರು ಬ್ಯಾರನ್ನಿನ ಹಿಂದೆ, ಯಾರ ಮುಖವೂ ಕಾಣದ ಕಡೆ, ಸ್ಟೂಲು ಹಾಕಿಕೊಂಡು ಕೂತರು. ಅವರ ತಮ್ಮ ಹಟ್ಟಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಣ್ಣಯ್ಯ, ನೀನು ಗಾಜಿನ್ ಮ್ಯಾಲೆ ಎಂಜ್ಲು ಬಳ್ಕಂಡು ಓಯ್ತೀಯ. ನಾಳೀಕೆ ಇವ್ರು ಕೆಲ್ಸುಕ್ ಬರ್ದೇ ಓದ್ರೆ ಎಲೆ ನಿನ್ ಮೈಕ್ರೋಸ್ಕೋಪು ಕಟ್ಟದಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಮೇಸ್ತ್ರಿಯ ಹಾಜರಿ ಪಟ್ಟಿ ಇಟ್ಟುಕೊಂಡು ಒಂದೊಂದೇ ಹೆಸರು ಕೂಗಿದೆ. ಇವ್ನಿ ಕಣವ್ವ ಅನ್ನುತ್ತ ಒಬ್ಬೊಬ್ಬಳೇ ಬಂದು ಕೂತು, ಬಾಯಿ ಮುಕ್ಕಳಿಸಿ, ಬಾಯಿ ತೆರೆದಳು. ಎಡಗೈಯಲ್ಲಿ ಕೆನ್ನೆ ಹಿಡಿದು ಬಲಗೈಯಲ್ಲಿ ಕೆರೆದೆ. ನನ್ನ ಗಮನವೆಲ್ಲ ಕಡ್ಡಿಯ ಮೇಲೆ, ಗಾಜಿನ ಮೇಲೆ, ನಂಬರಿನ ಮೇಲೆ. ಸಂಜೆ ರಿಜಿಸ್ಟರ್ ನೋಡಿದರೆ ನಲವತ್ತು ಹೆಸರು, ಒಂದು ಬ್ಲಾಟ್ ಇಲ್ಲ. ಹೆಮ್ಮೆಯಾಯಿತು.

ಎರಡು ವಾರ ಕಳೆದಿರಬಹುದು. ಒಂದು ಬೆಳಗ್ಗೆ ಮೇಷ್ಟ್ರು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಒಳಗೆ ಬರಲಿಲ್ಲ. ಇಪ್ಪತ್ಮೂರನೇ ಗಾಜಿನಲ್ಲಿ ಚುಕ್ಕಿಗಳಷ್ಟೇ ಅಲ್ಲ, ನ್ಯೂಕ್ಲಿಯಸ್ಸುಗಳೇ ಊದಿಕೊಂಡು, ಆಕಾರಗೆಟ್ಟು, ಒಂದರ ಮೇಲೊಂದು ಬಿದ್ದಿವೆ. ನಾನು ಡಾಕ್ಟರಲ್ಲ, ಆದರೆ ಇದನ್ನು ಡಾಕ್ಟರಿಗೆ ತೋರಿಸಲೇಬೇಕು ಅಂದರು. ಎಣಿಕೆ ಇನ್ನೂ ಅರ್ಧ ಉಳಿದಿತ್ತು. ಎಲ್ಲ ಮುಗಿಯುವವರೆಗೆ ಹೆಸರು ತೆಗೆಯಬಾರದು ಅನ್ನುವ ಪದ್ಧತಿ ಅವರದೇ.

"ಹೆಸರು ಹೇಳಿ ಮೇಡಮ್. ಕೆಲಸ ಕೆಟ್ಟರೆ ಕೆಡಲಿ" ಅಂದರು.

ಅಲ್ಮೆರಾ ತೆಗೆದು ನೋಡಿ ಹೇಳಿದೆ. ಮಾದಮ್ಮ.

ಇಲ್ಲಿ ಬರುವ ಹೆಂಗಸರ ಹೆಸರು ನಾನಿಟ್ಟವು, ನಿಜವಾದವಲ್ಲ.

ಅವತ್ತೇ ಇಬ್ಬರೂ ಮಾದಮ್ಮನ ಮನೆಗೆ ಹೋದೆವು. ಅವತ್ತು ಕೆನ್ನೆ ಕೆರೆಸಿಕೊಂಡಿದ್ದೆಯಲ್ಲಮ್ಮ, ಅದರಲ್ಲಿ ಏನೋ ಕಂಡಿದೆ, ಮೈಸೂರಿಗೆ ಹೋಗಿ ತೋರಿಸಿ ಬರೋಣ ಎಂದು ಮೇಷ್ಟ್ರು ಕೂಸಿಗೆ ಹೇಳಿದ ಹಾಗೆ ಹೇಳಿದರು. ಅವಳು ಹೂಂ ಅಂದಳು. ಮಾರನೇ ದಿನ ಬಸ್ಸಿನಲ್ಲಿ ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಗುರುಪುರದ ಕ್ಯಾಂಪಿನ, ಕೆಂಪು ಬಟ್ಟೆಯ ಟಿಬೆಟಿನ ಲಾಮಾಗಳು ತುಂಬಿದ್ದ ಬಸ್ಸು. ದಾರಿ ಉದ್ದಕ್ಕೂ ಅವಳ ಜೊತೆ ಮಾತಾಡಿದೆ, ಬಿಸ್ಕತ್ತು ಕೊಟ್ಟೆ, ಕಿಟಕಿ ಗಾಳಿಗೆ ಹಾರುತ್ತಿದ್ದ ಅವಳ ಸೆರಗು ಸರಿಮಾಡಿದೆ. ಒಂದು ಗಂಟೆಗೂ ಹೆಚ್ಚು ಹೊತ್ತು ಆ ಮುಖ ನನ್ನಿಂದ ಒಂದು ಗೇಣು ದೂರದಲ್ಲಿತ್ತು.

ಆಸ್ಪತ್ರೆಯಲ್ಲಿ ಬಾಯಿಯ ಮೂಲೆಮೂಲೆ ನೋಡಿ, ಏನೂ ಇಲ್ಲ ಅಂದರು. ಒಳ್ಳೆಯ ಡಾಕ್ಟರೇ. ಸ್ಟೇನ್ ಹೆಚ್ಚಾದರೂ ಕೆಲವು ಸಲ ಹಾಗೆ ಕಾಣುತ್ತದೆ ಸರ್ ಎಂದು ಮೇಷ್ಟ್ರಿಗೆ ಮರ್ಯಾದೆಯಿಂದಲೇ ಹೇಳಿದರು. ವಾಪಸ್ ಬರುವಾಗ ಅವರು ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದರು.

ಸುದ್ದಿ ಮಾತ್ರ ನಮಗಿಂತ ಮೊದಲೇ ಊರು ಸೇರಿತ್ತು. ಹೊಗೆಸೊಪ್ಪು ಮುಟ್ಟಿದವರಿಗೆಲ್ಲ ಬಾಯಿಹುಣ್ಣಂತೆ, ಕ್ಯಾನ್ಸರಂತೆ ಎಂದು ನಾಲ್ಕು ಜನ ಕೆಲಸ ಬಿಟ್ಟರು. ಮಾದಮ್ಮನಿಗೆ ಅಕ್ಕಪಕ್ಕದವರು ಕುಡಿಯಲು ಬೇರೆ ಲೋಟ ಇಟ್ಟರು. ಮೇಷ್ಟ್ರ ತಮ್ಮ ಹಟ್ಟಿಯ ಗೇಟಿಗೆ ಬೀಗ ಹಾಕಿ, ಇನ್ನು ಇತ್ತ ಕಾಲಿಡಬೇಡ ಅಂದ. ಮತ್ತೊಂದು ಸಲ ಎಲ್ಲರ ಕೆನ್ನೆ ಕೆರೆದು ನೋಡೋಣ ಅನ್ನುವ ದಾರಿಯೂ ಅಲ್ಲಿಗೆ ಮುಚ್ಚಿತು. ಅಷ್ಟರಲ್ಲಿ ಎಲೆಯೂ ಮುಗಿದು, ಹೆಂಗಸರು ಶುಂಠಿ ಕೆಲಸಕ್ಕೆಂದು ಚದುರಿಹೋದರು.

ಆಗ ಮೇಷ್ಟ್ರು ನನ್ನ ಹತ್ತಿರ ಬಂದು, ನಂಬರಿಗೂ ಹೆಸರಿಗೂ ಕೂಡಿಸುವಾಗ ಏನಾದರೂ ಹೆಚ್ಚುಕಮ್ಮಿ ಆಗಿರಬಹುದೇ ಎಂದು ಕೇಳಿದರು. ಬಹಳ ಸಂಕೋಚದಿಂದ ಕೇಳಿದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

"ಐ ಡೋಂಟ್ ಮೇಕ್ ಮಿಸ್ಟೇಕ್ಸ್ ಇನ್ ಎ ರಿಜಿಸ್ಟರ್, ಸರ್" ಅಂದೆ.

ಹುಡುಗರಿಗೆ ಕೇಳುತ್ತಿದ್ದ ಆ ಪ್ರಶ್ನೆಯನ್ನು ಅವರು ಅವತ್ತು ನನಗೆ ಕೇಳಬಹುದಿತ್ತು. ಕೇಳಲಿಲ್ಲ. ಸಾರಿ ಮೇಡಮ್ ಎಂದು ಹೊರಟುಹೋದರು. ಆಮೇಲೆ ಅವರು ಅನುಮಾನಿಸಿದ್ದು ತಮ್ಮ ಕಣ್ಣುಗಳನ್ನೇ. ಮೈಸೂರಿಗೆ ಹೋಗಿ ಕಣ್ಣು ಟೆಸ್ಟ್ ಮಾಡಿಸಿದರು. ಇಪ್ಪತ್ಮೂರನೇ ಗಾಜನ್ನು ದಿನವೂ ತೆಗೆದು ನೋಡುತ್ತಿದ್ದರಂತೆ, ಇವತ್ತಾದರೂ ಬೇರೆ ಥರ ಕಂಡೀತು ಎಂದು. ಇಡೀ ಬೇಸಿಗೆ ಹಾಗೆ ಕಳೆಯಿತು.

ಮುಂದಿನ ಸೀಸನ್ ಶುರುವಾದ ಮೇಲೆ ಒಂದು ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದಾಗಲೇ ಮಾದಮ್ಮ ಬಂದಳು. ಜೊತೆಗೆ ಇನ್ನೊಬ್ಬಳು, ಬಾಯಿಗೆ ಟವೆಲು ಒತ್ತಿ ಹಿಡಿದಿದ್ದಳು. ಚಿಕ್ಕತಾಯಿ ಅಂತ, ಮಾದಮ್ಮನ ಮೈದುನನ ಹೆಂಡತಿ. ಹಾರನಹಳ್ಳಿ ಕಡೆಯವಳು. ಮೇಷ್ಟ್ರು ಟವೆಲು ತೆಗೆಸಿ ನೋಡಿದರು. ಕೆನ್ನೆಯ ಒಳಗಿದ್ದದ್ದು ಹೊರಗೆ ಬಂದಿತ್ತು. ರೂಮಿನ ಸೊಪ್ಪಿನ ಘಾಟನ್ನೂ ಮೀರಿದ ವಾಸನೆ.

ಮಾದಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದಳು. "ಅವತ್ತು ನಾನಿರ್ನಿಲ್ಲ ಸೋಮಿ. ನಮ್ಮವ್ವುಂಗೆ ಉಸಾರಿರ್ನಿಲ್ಲ ಅಂತ ಸರಗೂರ್ಗೆ ಓಗಿದ್ದೆ. ನನ್ನೆಸ್ರಲ್ಲಿ ಇವ್ಳು ಕುಂತಿದ್ಲು."

ಎಲೆ ಕೆಲಸದಲ್ಲಿ ಅದೊಂದು ರೂಢಿ. ಸೀಸನ್ನಿಗೆ ಒಂದು ಜಾಗ ಸಿಕ್ಕಿದರೆ ಅದನ್ನು ಖಾಲಿ ಬಿಡುವ ಹಾಗಿಲ್ಲ. ಮೂರು ದಿನ ತಪ್ಪಿದರೆ ಹೆಸರು ಹೊಡೆದು ಬೇರೆಯವರಿಗೆ ಕೊಡುತ್ತಾರೆ. ಅದಕ್ಕೆ ಓರಗಿತ್ತಿಯೋ ತಂಗಿಯೋ ಬಂದು ಅವಳ ಹೆಸರಿನಲ್ಲೇ ಕೂತು ಎಲೆ ಕಟ್ಟುತ್ತಾಳೆ, ಅವಳ ಹೆಸರು ಕೂಗಿದರೆ ಇವ್ನಿ ಅನ್ನುತ್ತಾಳೆ. ಹೆಂಗಸರಿಗೆಲ್ಲ ಗೊತ್ತು. ಮೇಸ್ತ್ರಿಗೂ ಗೊತ್ತು. ಯಜಮಾನನ ಕಿವಿಗೆ ಮಾತ್ರ ಬೀಳಬಾರದು. ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಹಟ್ಟಿಯೊಳಗೆ ಕೂತು ಹೆಸರು ಕೂಗಿದ ನಾನು ತಲೆ ಎತ್ತಿ ನೋಡಿರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದಾಗಲಾದರೂ ಹೇಳಬಾರದಿತ್ತೇ ಎಂದು ನಾನೇ ಕೇಳಿದೆ. ನನ್ನ ದನಿ ಏರಿತ್ತು.

"ಏಳುದ್ರೆ ಜಾಗ ಓಗದು ಕಣವ್ವ. ಇಬ್ರುದೂ ಓಗದು" ಅಂದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಡಾಕುಟ್ರು ಏನೂ ಇಲ್ಲ ಅಂದ್ರಲ್ಲ ಸೋಮಿ. ಅವ್ಳ ಬಾಯಿಂದು ತಾನೆ ನೀವು ಗಾಜ್ನಲ್ಲಿ ನೋಡಿದ್ದು. ಅವ್ಳ್ಗೂ ಏನೂ ಇಲ್ಲ ಅನ್ಕಂಡೆ."

ಮೇಷ್ಟ್ರು ಅವಳನ್ನು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮೈಸೂರಿನ ಆಸ್ಪತ್ರೆಗೆ ಫೋನ್ ಮಾಡಲು ಎದ್ದರು. ಆ ಕಡೆ ಫೋನ್ ಎತ್ತುವವರೆಗೆ ಅವರ ಹೆಬ್ಬೆರಳು ಕೆನ್ನೀಲಿ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಎಷ್ಟು ತಿಂಗಳು ಎಂದು ಲೆಕ್ಕ ಹಾಕುತ್ತಿದ್ದರೇನೋ. ನಾನೂ ಹಾಕುತ್ತಿದ್ದೆ.

ಚಿಕ್ಕತಾಯಿಯ ದವಡೆಯ ಒಂದು ಭಾಗ ತೆಗೆದರು. ಆಮೇಲೆ ಹುಣ್ಣು ಕುತ್ತಿಗೆಗೆ ಇಳಿಯಿತು. ಇನ್ನೇನೂ ಮಾಡುವ ಹಾಗಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು ಡಾಕ್ಟರು. ಆ ವರ್ಷದ ಎಲೆ ಮುಗಿಯುವ ಮೊದಲೇ ಅವಳೂ ಮುಗಿದಳು. ಅಲ್ಲಿಯವರೆಗೆ ಮೇಷ್ಟ್ರು ದಿನ ಬಿಟ್ಟು ದಿನ ಅವಳ ಮನೆಗೆ ಹೋಗುತ್ತಿದ್ದರು. ಮಾದಮ್ಮ ಹಗಲೆಲ್ಲ ಬ್ಯಾರನ್ನಿನಲ್ಲಿ ಇರಬೇಕಿತ್ತು. ಎರಡು ಮನೆಯೂ ಆಗ ಆ ಒಂದು ಜಾಗದ ಮೇಲೆ ನಿಂತಿದ್ದವು.

ಒಮ್ಮೆ ನಾನೂ ಹೋದೆ. ಮೇಷ್ಟ್ರು ರಿಜಿಸ್ಟರ್ ತರಲು ಹೇಳಿದ್ದರು. ಅಷ್ಟು ಹೊತ್ತಿಗೆ ಅವರ ಎಣಿಕೆ ಪೂರ್ತಿ ಆಗಿತ್ತು. ಭತ್ತದ ಹೆಂಗಸರಿಗೂ ಸೊಪ್ಪಿನ ಹೆಂಗಸರಿಗೂ ಇದ್ದ ವ್ಯತ್ಯಾಸ ಯಾರಿಗಾದರೂ ಕಾಣುವಷ್ಟಿತ್ತು. ಒಂದು ಜರ್ನಲ್ಲಿನವರು ಲೇಖನ ಕೇಳಿ ಬರೆದಿದ್ದರು. ಮೇಷ್ಟ್ರು ಮಾತ್ರ, ಒಂದು ಹೆಸರು ಹೀಗಾದರೆ ಮಿಕ್ಕವೂ ಎಷ್ಟು ಹೀಗಿವೆಯೋ, ಒಬ್ಬೊಬ್ಬರನ್ನೇ ಕೇಳಿ ತಿದ್ದಬೇಕು, ಮೊದಲು ಚಿಕ್ಕತಾಯಿಯದು ಅಂದಿದ್ದರು. ಇಪ್ಪತ್ಮೂರನ್ನು ಬಿಟ್ಟು ಕಳಿಸಬಾರದೇ ಸರ್ ಅಂದಿದ್ದೆ. ಅವಳನ್ನೇ ಬಿಟ್ಟು ಏನನ್ನು ಕಳಿಸೋದು ಮೇಡಮ್ ಅಂದಿದ್ದರು.

ಅವಳು ಗೋಡೆಗೆ ಒರಗಿ ಕೂತಿದ್ದಳು. ತಲೆಯಿಂದ ಗಲ್ಲದವರೆಗೆ ಬಟ್ಟೆ ಸುತ್ತಿತ್ತು. ಮಾತು ಹೋಗಿತ್ತು. ಮೇಷ್ಟ್ರು ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ವಿವರಿಸಿದರು. ಅವತ್ತು ಗಾಜಿನಲ್ಲಿ ಕಂಡದ್ದು ನಿನ್ನ ಕೋಶ, ನಿನ್ನ ಹೆಸರು ಇರಬೇಕಿತ್ತು, ಈಗ ತಿದ್ದುತ್ತೇವೆ, ಮುಂದೆ ಇದನ್ನು ಅಚ್ಚು ಹಾಕಿದರೆ ಬೇರೆ ಹೆಂಗಸರಿಗೆ ಉಪಕಾರವಾದೀತು, ನೀನು ಒಪ್ಪಬೇಕು ಅಂದರು. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಅವರು ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ಬರೆದ ಕೈ ನಿಮ್ಮದು, ನೀವೇ ತಿದ್ದಿ ಅಂದರು.

ತೊಡೆಯ ಮೇಲೆ ರಿಜಿಸ್ಟರ್ ಬಿಚ್ಚಿ ಮಾದಮ್ಮ ಅನ್ನುವ ಹೆಸರಿನ ಮೇಲೆ ಪೆನ್ನು ಇಡುತ್ತಿದ್ದ ಹಾಗೇ ಅವಳ ಕೈ ಬಂದು ಆ ಸಾಲಿನ ಮೇಲೆ ಕೂತಿತು. ಬೆರಳ ಸಂದಿನಲ್ಲಿ ಎಲೆಯ ಕಪ್ಪು ಹಾಗೇ ಉಳಿದಿತ್ತು. ತಲೆ ಅಲ್ಲಾಡಿಸಿದಳು. ಬಾಗಿಲಾಚೆ, ಬ್ಯಾರನ್ನಿನ ದಿಕ್ಕಿಗೆ ಇನ್ನೊಂದು ಕೈ ತೋರಿಸಿ, ಮತ್ತೆ ತಲೆ ಅಲ್ಲಾಡಿಸಿದಳು. ನನಗೆ ಅರ್ಥವಾಯಿತು. ಹೆಸರು ತಿದ್ದಿ ಅಚ್ಚು ಹಾಕಿದರೆ ಯಜಮಾನನ ಕಿವಿಗೆ ಬೀಳುತ್ತದೆ, ಮಾದಮ್ಮನ ಜಾಗ ಹೋಗುತ್ತದೆ.

ಆಗ ನಾನು ಅವಳ ಮುಖವನ್ನು ಸರಿಯಾಗಿ ನೋಡಿದೆ. ಅವತ್ತು ನನ್ನ ಎಡಗೈ ಹಿಡಿದಿದ್ದ ಕೆನ್ನೆ ಈಗ ಇರಲಿಲ್ಲ.

ಈ ಮಾತನ್ನೆಲ್ಲ ಈಗ ಬರೆಯಬಹುದು. ಮೇಷ್ಟ್ರ ತಮ್ಮ ಹೊಗೆಸೊಪ್ಪು ಬಿಟ್ಟು ಎಷ್ಟೋ ದಿನವಾಯಿತು, ಬ್ಯಾರನ್ನುಗಳ ಮಾಡು ಕುಸಿದಿದೆ, ಮಾದಮ್ಮ ಮಗಳ ಊರಿಗೆ ಹೋಗಿದ್ದಾಳೆ. ಆ ರಿಜಿಸ್ಟರ್ ನನ್ನ ಅಲ್ಮೆರಾದಲ್ಲೇ ಇದೆ.

ಅವತ್ತು ಮೇಷ್ಟ್ರು ಚಿಕ್ಕತಾಯಿಯನ್ನು ಒತ್ತಾಯ ಮಾಡಲಿಲ್ಲ. ನನ್ನ ತೊಡೆಯಿಂದ ಪುಸ್ತಕ ತೆಗೆದು ಮುಚ್ಚಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. ಜರ್ನಲ್ಲಿಗೆ ಏನು ಬರೆಯುತ್ತೀರಿ ಎಂದು ಕೇಳಿದ್ದಕ್ಕೆ, ಏನೂ ಬರೆಯೋದಿಲ್ಲ ಅಂದರು. ಆಮೇಲೆ ಎದ್ದು ಒಲೆಯ ಹತ್ತಿರ ಹೋದರು. ಬೆಳಗ್ಗೆ ಮಾದಮ್ಮ ಕಾಯಿಸಿಟ್ಟು ಹೋಗಿದ್ದ ರಾಗಿ ಅಂಬಲಿ ಪಾತ್ರೆಯಲ್ಲಿತ್ತು. ಊಟಕ್ಕೆಂದು ಅವಳ ಮೂಗಿನಿಂದ ಇಳಿಸಿದ್ದ ನಳಿಗೆಯಲ್ಲಿ ಒಂದು ಸಣ್ಣ ಗಂಟು ಸಿಕ್ಕಿಕೊಂಡರೂ ಅದು ಕಟ್ಟಿಕೊಳ್ಳುತ್ತಿತ್ತಂತೆ, ಮತ್ತೆ ಮೈಸೂರಿಗೇ ಹೋಗಬೇಕು. ತಾವೇ ತಂದಿದ್ದ ಬಿಳಿ ಬಟ್ಟೆಯನ್ನು ಲೋಟದ ಬಾಯಿಗೆ ಹರಡಿ, ಅಂಬಲಿಯನ್ನು ಎಳೆಯಾಗಿ ಸುರಿದು ಸೋಸಿದರು. ಲೋಟವನ್ನು ಬಾಗಿಲ ಬೆಳಕಿಗೆ ಎತ್ತಿ ನೋಡಿದರು. ಸಮಾಧಾನವಾಗಲಿಲ್ಲ. ಬಟ್ಟೆ ತೊಳೆದು ಹಿಂಡಿ, ಮತ್ತೊಮ್ಮೆ ಸೋಸಿದರು.